ಮಲಗಿದ್ದ ಬೀಜವೂ ನರಿಯ ನಾಲಗೆಯೂ

ಒಂದು ಕಾಡಿನಲ್ಲಿ ನೆಲವೇ ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಅದು ಹಳೆಯ ಬಂದರಿನ ಪಕ್ಕ, ಉಪ್ಪುನೀರಲ್ಲೇ ಬೇರೂರುವ ಕಾಂಡ್ಲಾ ಮರಗಳ ಕಾಡು. ಉಬ್ಬರ ಬಂದರೆ ಕಾಡೆಲ್ಲ ನೀರು, ಇಳಿದರೆ ಬರೀ ಕಪ್ಪು ಕೆಸರು. ಅಲ್ಲಿಯ ಏಡಿಗಳು ಆ ಕೆಸರಿನ ಮೇಲೆ ತುದಿಗಾಲಲ್ಲೇ ಓಡಾಡುತ್ತಿದ್ದವು.

ಒಂದು ದಿನ ಏಡಿಯಜ್ಜಿ ಮೊಮ್ಮಕ್ಕಳನ್ನು ಗದರಿಸಿತು. “ಶ್! ಕುಣಿಯಬೇಡಿ. ಕೆಳಗೆ ಬೀಜ ಮಲಗಿದೆ!”

ಪೊದೆಯಲ್ಲಿದ್ದ ನರಿಗೆ ಅಷ್ಟೇ ಕೇಳಿಸಿತು. ನಮ್ಮ ಕರಾವಳಿಯಲ್ಲಿ ಬೀಜ ಎಂದರೆ ಇನ್ನೇನು? ಗೇರುಬೀಜ! ನರಿಯ ಬಾಯಲ್ಲಿ ನೀರೂರಿತು. ಅಗೆಯಲು ಮೈ ಬಗ್ಗಲಿಲ್ಲ. ಹಂದಿಯ ಬಳಿ ಓಡಿತು.

“ಹಂದಿಯಣ್ಣಾ, ಆ ಕೆಸರಿನಡಿ ತೊಡೆಯಷ್ಟು ದಪ್ಪದ ಗೆಡ್ಡೆಗಳಿವೆ. ಎಲ್ಲಾ ನಿನಗೇ!”

ಹಂದಿ ಕೆಸರಿಗೆ ಮೂತಿ ಹಾಕಿತು. ಅದು ತಿರುವಿದ ರಭಸಕ್ಕೆ ಕೆಸರು ಮೂಗಿಗೆ ಹಾರಿ ಬಂದರಿನ ಹಡಗುಗಳೆಲ್ಲ ಸೀನಿದವು. ನಗಬೇಡಿ, ಒಂದು ಹಡಗಿಗೆ “ನೂರು ವರ್ಷ ಬಾಳು” ಎಂದು ಹರಸಿದವನು ನಾನೇ!

ಏಡಿಯಜ್ಜಿ ಅಡ್ಡಡ್ಡ ಓಡಿ ಬಂತು. “ನಿಲ್ಲಿಸ್ರೋ! ಅದು ವಿಷಪಾಚಿಯ ಬೀಜ. ಎದ್ದರೆ ನೀರೇ ಕೆಂಪಾಗುತ್ತದೆ. ಆ ನೀರು ಕುಡಿದ ಚಿಪ್ಪುಮೀನು, ಈ ಬಳಚು, ತಿಂದರೆ ನಮಗೆಲ್ಲ ವಿಷ!”

“ಎಲ್ಲಿದೆಯಜ್ಜೀ? ಒಂದೂ ಕಾಣುತ್ತಿಲ್ಲವಲ್ಲ!” ಎಂದಿತು ನರಿ.

“ಕಾಣುವಷ್ಟು ದೊಡ್ಡದಿದ್ದರೆ ಕಾವಲು ಯಾಕೋ ಬೇಕಿತ್ತು?”

“ಪಾಲು ಕೊಡಬೇಕಾಗುತ್ತದೆಂದು ಕಥೆ ಕಟ್ಟಬೇಡ” ಎಂದು ನರಿ ನಕ್ಕಿತು. ಹಂದಿ ದಂಡೆಯೆಲ್ಲ ಉತ್ತಿತು. ಗೆಡ್ಡೆಯೂ ಇಲ್ಲ, ಗೇರುಬೀಜವೂ ಇಲ್ಲ.

ಬಿಸಿಲೇರಿ ನೀರು ಬೆಚ್ಚಗಾಯಿತು. ಮಲಗಿದ್ದ ಬೀಜ ಮೈಮುರಿದು ಎದ್ದಿತು. ವಾರ ಕಳೆಯುವಷ್ಟರಲ್ಲಿ ಉಬ್ಬರ ಕೆಂಪಾಗಿ ಬಂತು. ಏಡಿಯಜ್ಜಿ ಬೇರಿನಿಂದ ಬೇರಿಗೆ ಓಡಿ ಕೂಗಿತು, “ಯಾರೂ ಬಳಚು ಮುಟ್ಟಬೇಡಿ!” ನೀರುನಾಯಿಯ ಮರಿಗಳು ಹಸಿದು ಅತ್ತವು. ಕೊಕ್ಕರೆಗಳು ಹಸಿವಿಗೆ ನಿಂತಲ್ಲಿ ನಿಲ್ಲಲಾರದೆ ಸುತ್ತಿದವು. ಆದರೂ ಯಾರೂ ಮುಟ್ಟಲಿಲ್ಲ.

ನರಿ ಮಾತ್ರ, “ಬಳಚು ಮೊದಲಿನ ಹಾಗೇ ಇದೆಯಲ್ಲ!” ಎನ್ನುತ್ತ ಚಿಪ್ಪು ಒಡೆದು ಹೊಟ್ಟೆ ತುಂಬಿಸಿಕೊಂಡಿತು.

ಮೊದಲು ತುಟಿ ಜುಮ್ಮೆಂದಿತು. ಆಮೇಲೆ ನಾಲಗೆ ಮರಗಟ್ಟಿತು. ಕಾಲುಗಳು ಮಡಚಿಕೊಂಡವು. ಅದೇ ಹೊತ್ತಿಗೆ ಹಂದಿ ಬಂತು.

“ಏನೋ ನರಿ, ಗೆಡ್ಡೆ ಎಲ್ಲೋ?”

“ಗೆ... ಗ್ಗೆ... ಬ್ಬೆ...”

ಹುಟ್ಟಿದಾರಭ್ಯ ಮೊದಲ ಸಲ ನರಿಗೆ ಸುಳ್ಳು ಹೇಳಲು ನಾಲಗೆ ಹೊರಳಲಿಲ್ಲ. ಹೇಗೋ ಜೀವ ಮಾತ್ರ ಉಳಿಯಿತು.

ಕೆಂಪು ನೀರು ತಿಳಿಯಾಯಿತು. ಪಾಚಿ ಮತ್ತೆ ಬೀಜವಾಗಿ, ಮೊದಲಿಗಿಂತ ಹೆಚ್ಚಾಗಿ, ಕೆಸರಿಗಿಳಿದು ಮಲಗಿತು. ಈಗ ಆ ದಂಡೆಯಲ್ಲಿ ಏಡಿಗಳ ಹಿಂದೆ ಇನ್ನೊಬ್ಬರೂ ತುದಿಗಾಲಲ್ಲಿ ನಡೆಯುತ್ತಾರೆ. ಪೊದೆಯಂಥ ಬಾಲ ಮೇಲೆತ್ತಿಕೊಂಡು.

ನೀತಿ: ಕಣ್ಣಿಗೆ ಕಾಣದ್ದು ಇಲ್ಲವೇ ಇಲ್ಲ ಎಂದುಕೊಂಡು, ಅರ್ಧ ಕೇಳಿದ ಮಾತಿಗೆ ಆಸೆಪಟ್ಟು ಕೆದಕಿದರೆ, ಎದ್ದ ಕೇಡು ಎಲ್ಲರಿಗೂ ತಟ್ಟುತ್ತದೆ, ಕೆದಕಿಸಿದವನನ್ನೂ ಬಿಡುವುದಿಲ್ಲ.