ಹಿಡಿ ಮಣ್ಣಿನ ಒಪ್ಪಿಗೆ

ಹೊಳೆದಂಡೆಯ ಗರಡಿಯಲ್ಲಿ ಉಸ್ತಾದ್ ಜವರಯ್ಯ ಸೀನಿದರೆ ಆಚೆ ದಡದ ಕೊಕ್ಕರೆಗಳು ಹಾರಿಹೋಗುತ್ತಿದ್ದವು. ನಾನೇ ಎಣಿಸಿದ್ದೇನೆ, ನಾನ್ನೂರ ಹನ್ನೊಂದು.

ಅಂಥ ಗುರುವಿಗೆ ಇಬ್ಬರು ಶಿಷ್ಯರು. ಎಣ್ಣೆ ಗಾಣದ ದ್ಯಾವಣ್ಣ ಒಬ್ಬ. ಹೊಳೆಯಲ್ಲಿ ಹರಿಗೋಲು ನಡೆಸುವ ಚೆನ್ನವೀರ ಇನ್ನೊಬ್ಬ.

ದಸರೆಯ ಕುಸ್ತಿಗೆ ಒಬ್ಬನನ್ನೇ ಕಳಿಸಬೇಕಿತ್ತು. "ನೀವಿಬ್ಬರೂ ಆಡಿ. ಗೆದ್ದವನು ಹೋಗಲಿ," ಎಂದರು ಜವರಯ್ಯ.

ಆ ಗರಡಿಯಲ್ಲೊಂದು ಪದ್ಧತಿ. ಕುಸ್ತಿಗೆ ಮೊದಲು ಒಬ್ಬ ಹಿಡಿ ಮಣ್ಣು ನೀಡಬೇಕು, ಇನ್ನೊಬ್ಬ ಅದನ್ನು ಎದೆಗೆ ಬಳಿದುಕೊಳ್ಳಬೇಕು. ಬಳಿದುಕೊಂಡನೆಂದರೆ ಒಪ್ಪಿದನೆಂದೇ ಲೆಕ್ಕ.

ದ್ಯಾವಣ್ಣ ಮಣ್ಣು ನೀಡಿದ. "ಯಾವ ಪಟ್ಟು ಹಾಕಿದರೂ ಸರಿಯೇನೋ?"

"ಯಾವುದಾದರೂ ಹಾಕ್ಕೋ! ನಿನ್ನ ಕೈಲಿ ಏನಾಗುತ್ತೆ, ಸೊಳ್ಳೆ!" ಚೆನ್ನವೀರ ಎದೆ ತುಂಬ ಬಳಿದುಕೊಂಡ.

ಶುರುವಾಯಿತು ನೋಡಿ! ಅವರ ತೊಡೆ ತಟ್ಟುವ ಸದ್ದಿಗೆ ಹೊಳೆಯ ಮೀನುಗಳೆಲ್ಲ ದಡಕ್ಕೆ ಬಂದು ಇಣುಕಿದವು. ಮೊದಲ ಸಾಲು ಪೂರ್ತಿ ಮೀನುಗಳದ್ದೇ, ನನ್ನಂಥ ದೊಡ್ಡ ಮನುಷ್ಯನಿಗೇ ಜಾಗ ಸಿಗಲಿಲ್ಲ.

ಎತ್ತಿದರು, ಕೆಡವಿದರು, ಉರುಳಿದರು. ಕೊನೆಗೆ ದ್ಯಾವಣ್ಣ ಚೆನ್ನವೀರನನ್ನು ಬೋರಲು ಕೆಡವಿ, ಬಲತೋಳನ್ನು ಬೆನ್ನ ಮೇಲಕ್ಕೆ ತಿರುಚಿ ಹಿಡಿದ. ತೋಳು ಲಟಕ್ಕೆಂದಿತು.

"ಸೋತೆ ಅನ್ನು!"

"ಅನ್ನಲ್ಲ!" ಚೆನ್ನವೀರನ ಮುಖ ಬಿಳಚಿಕೊಂಡಿತ್ತು.

"ಮುರಿಯುತ್ತೆ ಕಣೋ!"

"ಮುರ್ಕೋ ಹೋಗು!"

ಜನ ಹೋ ಎಂದು ಕಿರುಚಿದರು. ಜವರಯ್ಯ ಮಾತ್ರ ಕೂತಲ್ಲಿಂದ ಎದ್ದರು.

"ಬಿಡೋ ದ್ಯಾವ. ಆ ತೋಳು ಹೋದರೆ ಅವನು ಹುಟ್ಟು ಹಾಕೋದು ಹೇಗೆ? ಹರಿಗೋಲೇ ಅವನ ಅನ್ನ."

"ಅವನೇ ಒಪ್ಪಿದ್ದಾನೆ ಉಸ್ತಾದರೇ! ಎದೆ ಮೇಲೆ ಮಣ್ಣಿದೆ. ಈಗಲೂ ಬಾಯಿಬಿಟ್ಟು ಹೇಳ್ತಿದ್ದಾನೆ. ನನ್ನದೇನು ತಪ್ಪು?"

ಜವರಯ್ಯ ಒಂದೇ ನೆಗೆತಕ್ಕೆ ಅಖಾಡದೊಳಗಿದ್ದರು. ಹದಿನೆಂಟು ಅಡಿ, ಅಳೆದವನು ನಾನು. ಹಿಡಿ ಮಣ್ಣೆತ್ತಿ ತಮ್ಮ ಎದೆಗೇ ಬಳಿದುಕೊಂಡರು. ಬೋರಲು ಮಲಗಿ, ಬಲತೋಳನ್ನು ಬೆನ್ನ ಮೇಲಿಟ್ಟುಕೊಂಡರು.

"ಅವನನ್ನು ಬಿಡು. ಇದನ್ನು ಮುರಿ. ಮುರಿದರೆ ದಸರೆಗೆ ನೀನೇ."

ದ್ಯಾವಣ್ಣ ಕೈಬಿಟ್ಟ. ಚೆನ್ನವೀರ ತೋಳನ್ನು ಅವುಚಿಕೊಂಡು ಪಕ್ಕಕ್ಕೆ ಹೊರಳಿದ.

ದ್ಯಾವಣ್ಣ ಗುರುವಿನ ಮಣಿಕಟ್ಟು ಹಿಡಿದ. ಆರು ವರ್ಷ ದಿನಾ ತನ್ನ ಮೈಗೆ ಎಣ್ಣೆ ತಿಕ್ಕಿದ ಕೈ ಅದು.

"ಹೂಂ, ತಿರುಚು."

ದ್ಯಾವಣ್ಣ ಅಲ್ಲಾಡಲಿಲ್ಲ.

"ತಿರುಚೋ! ಯಾಕೆ, ಬಲ ಸಾಲದಾ? ನಾನು ಒಪ್ಪಿದ್ದೇನಲ್ಲ!"

"ನೀವು ಒಪ್ಪಿದ್ದೀರಿ ಉಸ್ತಾದರೇ." ದ್ಯಾವಣ್ಣ ಮಣಿಕಟ್ಟು ಬಿಟ್ಟ. "ನನ್ನ ಮನಸ್ಸು ಒಪ್ತಿಲ್ಲ."

ಗರಡಿಗೆ ಗರಡಿಯೇ ಉಸಿರು ಬಿಗಿಹಿಡಿಯಿತು. ನಾನಂತೂ ಇವತ್ತಿಗೂ ಪೂರ್ತಿ ಬಿಟ್ಟಿಲ್ಲ.

ಜವರಯ್ಯ ಮಣ್ಣಿನಲ್ಲೇ ಮುಖ ಹೊರಳಿಸಿ, ಊದಿಕೊಳ್ಳುತ್ತಿದ್ದ ಚೆನ್ನವೀರನ ತೋಳನ್ನು ನೋಡಿದರು.

"ಅವನು ಒಪ್ಪಿದಾಗ ನಿನ್ನ ಆ ಮನಸ್ಸನ್ನು ಒಂದು ಮಾತು ಕೇಳಿದ್ದೆಯೇನೋ?"