ಮೂರು ಸಲ ತುಳಿಯುವ ಬ್ರೇಕು

“ನನ್ನಲ್ಲಿ ಒಂದು ದೋಷವಿದೆ. ಅದು ನನಗೆ ಗೊತ್ತಿದೆ, ನಿಭಾಯಿಸುವುದನ್ನೂ ಕಲಿತಿದ್ದೇನೆ. ಅಷ್ಟಾದರೆ ಸಾಲದೇ ಗುರುಗಳೇ? ತೆಗೆದೇ ಹಾಕಬೇಕೇ?” ಎಂದು ಶಿಷ್ಯ ಕೇಳಿದ.

ಶಿಷ್ಯನ ಹೆಸರು ಚನ್ನಮಲ್ಲ. ಮಠದವರು ನಡೆಸುವ ಹುಡುಗರ ಹಾಸ್ಟೆಲಿಗೆ ಮೇಲ್ವಿಚಾರಕನಾಗಿ ಮರುದಿನ ಹೊರಡುವವನಿದ್ದ. ದೋಷವೆಂದರೆ ಅವನ ಕೋಪ. ಅದು ಏರುವ ಸೂಚನೆ ಸಿಕ್ಕ ಕೂಡಲೇ ಅವನು ಎದ್ದು ಹೊರಗೆ ಹೋಗುತ್ತಿದ್ದ. ಹಿತ್ತಿಲಲ್ಲಿ ಸುತ್ತಾಡಿ, ಮುಖಕ್ಕೆ ನೀರು ಹಾಕಿಕೊಂಡು ಒಳಗೆ ಬರುತ್ತಿದ್ದ. ಮಠದಲ್ಲಿ ಎಲ್ಲರೂ ಅವನನ್ನು ಶಾಂತ ಸ್ವಭಾವದವನೆಂದೇ ತಿಳಿದಿದ್ದರು.

“ತೆಗೆಯುವುದಕ್ಕೆ ಏನು ಅಡ್ಡಿ?” ಎಂದರು ಗುರು.

“ಕೆದಕಲು ಹೋದರೆ ಇನ್ನೇನೇನು ಹೊರಗೆ ಬರುತ್ತದೋ. ಹೀಗೇ ಇದ್ದರೆ ಹೇಗೋ ನಡೆಯುತ್ತದೆ.”

ಗುರು ಈ ಕತೆ ಹೇಳಿದರು.

ಒಬ್ಬ ಬಟ್ಟೆ ವ್ಯಾಪಾರಿಯಿದ್ದ. ಅವನ ಬಳಿ ಒಂದು ಹಳೆಯ ಕಾರಿತ್ತು. ಎಂಜಿನ್ ಗಟ್ಟಿಯಾಗಿತ್ತು, ಬ್ರೇಕು ಸೋಲುತ್ತ ಬಂದಿತ್ತು. ಒಂದು ಸಲ ತುಳಿದರೆ ನಿಲ್ಲುತ್ತಿದ್ದ ಕಾರು ಎರಡು ಸಲ ತುಳಿದರೆ ನಿಲ್ಲತೊಡಗಿತು. ಆಮೇಲೆ ಮೂರು ಸಲ.

ಬಾನೆಟ್ ಎತ್ತಿ ನೋಡಿದರೆ ಬ್ರೇಕ್ ಎಣ್ಣೆ ಇಳಿದಿತ್ತು. ವ್ಯಾಪಾರಿ ಎಣ್ಣೆ ತಂದು ತುಂಬಿದ. ಮತ್ತೆ ಇಳಿಯಿತು, ಮತ್ತೆ ತುಂಬಿದ. ಬೆಳಗಾದರೆ ಅಂಗಡಿಯಲ್ಲಿ ದೇವರ ದೀಪಕ್ಕೆ ಎಣ್ಣೆ ಹಾಕಿ ರೂಢಿಯಾಗಿದ್ದವನಿಗೆ ಇದರಲ್ಲಿ ವಿಶೇಷವೇನೂ ಕಾಣಲಿಲ್ಲ. ಎಣ್ಣೆ ಎಂದ ಮೇಲೆ ಮುಗಿಯುತ್ತದೆ.

ಒಂದು ದಿನ ಪಂಕ್ಚರ್ ಹಾಕಿಸಲು ಗ್ಯಾರೇಜಿಗೆ ಹೋದಾಗ ಮೆಕ್ಯಾನಿಕ್ ಆ ಎಣ್ಣೆಯ ಬಾಟಲಿಗಳನ್ನು ಡಿಕ್ಕಿಯಲ್ಲಿ ನೋಡಿದ.

“ಸಾಹುಕಾರ್ರೇ, ಇದು ಉರಿದು ಹೋಗುವ ಎಣ್ಣೆಯಲ್ಲ. ಕಡಿಮೆಯಾಗುತ್ತಿದೆ ಅಂದರೆ ಎಲ್ಲೋ ಸೋರುತ್ತಿದೆ. ಚಕ್ರ ಬಿಚ್ಚಿ ನೋಡೋಣ.”

“ಬಿಚ್ಚಿದ ಮೇಲೆ?”

“ಒಳಗೆ ಒಂದು ರಬ್ಬರ್ ಹೋಗಿರಬಹುದು. ಅದೊಂದನ್ನು ಬದಲಾಯಿಸಿದರೆ ಸಾಕು. ಎಲ್ಲಾ ಹೊಸದು ಹಾಕಿಸಿ ಅಂತ ನಾನೇನೂ ಹೇಳುತ್ತಿಲ್ಲ.”

“ಒಂದಕ್ಕೇ ನಿಲ್ಲಿಸುವ ಮೆಕ್ಯಾನಿಕ್ಕನ್ನು ನಾನು ಇನ್ನೂ ನೋಡಿಲ್ಲಪ್ಪ. ಬಿಚ್ಚುವಾಗ ಒಂದು ರಬ್ಬರು, ಮುಚ್ಚುವಾಗ ಅರ್ಧ ಕಾರು.”

“ನೀವು ಮಾತ್ರ ಕರ್ಚೀಫ್ ಕೇಳಿಕೊಂಡು ಬಂದವರಿಗೆ ಸೀರೆ ಬಿಡಿಸಿ ತೋರಿಸುವುದಿಲ್ಲ, ಅಲ್ಲವೇ?”

ವ್ಯಾಪಾರಿ ನಕ್ಕುಬಿಟ್ಟ. ಚಕ್ರ ಬಿಚ್ಚಿಸದೆ ಇದ್ದದ್ದೂ ಆ ಕಾರಣಕ್ಕೇ. ತಾನು ಮಾಡುವುದನ್ನು ಲೋಕವೆಲ್ಲ ಮಾಡುತ್ತದೆ ಎಂದು ಅವನಿಗೆ ಖಾತ್ರಿಯಿತ್ತು.

ಅಂದಿನಿಂದ ಅವನು ಬೇರೆಯೇ ರೀತಿ ಕಾರು ಓಡಿಸಲು ಕಲಿತ. ತಿರುವು ಕಾಣುವ ಮುಂಚೆಯೇ ಗೇರ್ ಇಳಿಸುತ್ತಿದ್ದ. ಮುಂದಿನ ಗಾಡಿಯಿಂದ ದೂರವಿರುತ್ತಿದ್ದ. ಇಳಿಜಾರಿನಲ್ಲಿ ದನ ಕಂಡರೆ ದನ ಇವನನ್ನು ಕಾಣುವ ಮೊದಲೇ ಹಾರ್ನ್ ಒತ್ತುತ್ತಿದ್ದ. ಪೆಡಲನ್ನು ಟಪ, ಟಪ, ಟಪ ಎಂದು ಮೂರು ಸಲ ತುಳಿದರೆ ಕಾರು ತಪ್ಪದೆ ನಿಲ್ಲುತ್ತಿತ್ತು. ಊರಿನವರು ಅವನನ್ನು ಹೊಗಳಿದರು. ಗಾಡಿ ಓಡಿಸಿದರೆ ಹಾಗೆ ಓಡಿಸಬೇಕು, ಎಂಥ ತಾಳ್ಮೆ, ಎಂಥ ಎಚ್ಚರ ಎಂದರು. ಬ್ರೇಕು ಇಲ್ಲದವನ ಎಚ್ಚರವನ್ನು ಅವರು ಸ್ವಭಾವವೆಂದುಕೊಂಡರು. ಕೇಳಿ ಕೇಳಿ ಅವನೂ ಹಾಗೆಯೇ ಅಂದುಕೊಂಡ.

ಕೆಲವು ವರ್ಷ ಹೀಗೆ ನಡೆಯಿತು. ಮೂರು ಸಲ ತುಳಿಯುವುದು ಅವನ ಕಾಲಿಗೆ ಎಷ್ಟು ಒಗ್ಗಿತೆಂದರೆ ತಲೆ ಅದನ್ನು ಮರೆಯಿತು. ಆ ಕಾರಿನಲ್ಲಿ ದೋಷವಿದೆ ಎಂಬುದೇ ಅವನ ನೆನಪಿನಲ್ಲಿ ಉಳಿಯಲಿಲ್ಲ.

ಆ ವರ್ಷ ಆಯುಧಪೂಜೆಗೆ ಅಂಗಡಿಯ ಮುಂದೆ ಕಾರನ್ನು ತೊಳೆದು ನಿಲ್ಲಿಸಿದರು. ಅರಿಶಿನ, ಕುಂಕುಮ, ಚೆಂಡುಹೂವಿನ ಹಾರ ಎಲ್ಲವೂ ಆಯಿತು. ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟರು. ಅವನ ಮಗಳಿಗೆ ಹೊಸದಾಗಿ ಲೈಸೆನ್ಸ್ ಬಂದಿತ್ತು. ಈ ಸಲ ಅವಳೇ ಹಣ್ಣಿನ ಮೇಲೆ ಹಾಯಿಸಲಿ ಎಂದು ಮನೆಯವರು ಅಂದರು. ವ್ಯಾಪಾರಿ ಸಂತೋಷದಿಂದ ಕೀಲಿ ಕೊಟ್ಟ.

“ಎರಡು ಮಾರು ಮುಂದೆ ತಂದು ನಿಲ್ಲಿಸು, ಅಷ್ಟೇ” ಎಂದ. ತಾನು ಕಾರಿನ ಮುಂದೆ ಬೂದುಗುಂಬಳ ಒಡೆದು, ಅದರ ಹೋಳುಗಳನ್ನು ಬಗ್ಗಿ ಬದಿಗೆ ಸರಿಸುತ್ತಿದ್ದ.

ಅಂಗಡಿಯ ಮುಂದೆ ರಸ್ತೆ ಸ್ವಲ್ಪ ಇಳಿಜಾರು. ನಿಂಬೆಹಣ್ಣು ಒಡೆಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಮಗಳು ಡ್ರೈವಿಂಗ್ ಶಾಲೆಯಲ್ಲಿ ಕಲಿಸಿಕೊಟ್ಟ ಹಾಗೆ ಬ್ರೇಕನ್ನು ಒಂದು ಸಲ, ಪೂರ್ತಿ ತುಳಿದಳು. ಪೆಡಲು ತಳಕ್ಕೆ ಹೋಗಿ ಅಲ್ಲೇ ಉಳಿಯಿತು. ಕಾರು ನಿಲ್ಲಲಿಲ್ಲ.

“ಮೂರು ಸಲ ತುಳಿಯೇ!” ಎಂದು ವ್ಯಾಪಾರಿ ಕೂಗಿದ. ಅವಳು ಅದೇ ಪೆಡಲನ್ನು ಇನ್ನೂ ಗಟ್ಟಿಯಾಗಿ ಒತ್ತಿ ಹಿಡಿದಳು. ಓಡಲು ಹೋದವನು ಕುಂಬಳದ ತಿರುಳಿನ ಮೇಲೆ ಜಾರಿ ಬಿದ್ದ. ಕೊನೆಗೆ ಅವಳಿಗೆ ಕೈಬ್ರೇಕ್ ನೆನಪಾಗಿ ಎಳೆದಳು, ಕಾರು ನಿಂತಿತು. ಅಷ್ಟರಲ್ಲಿ ಮುಂದಿನ ಚಕ್ರ ಅವನ ಬಲಪಾದ ಹತ್ತಿ ಇಳಿದಿತ್ತು. ಮೂರು ಸಲ ತುಳಿಯಲು ಬಲ್ಲ ಕಾಲು ಆ ಮನೆಯಲ್ಲಿ ಅದೊಂದೇ ಇತ್ತು.

ಹಾರ ಹಾಕಿದ ಕಾರು ಅಲ್ಲೇ ಉಳಿಯಿತು. ಅವನನ್ನು ಲಗೇಜ್ ಆಟೋದಲ್ಲಿ ಬಟ್ಟೆ ಗಂಟುಗಳ ನಡುವೆ ಮಲಗಿಸಿ ಆಸ್ಪತ್ರೆಗೆ ಸಾಗಿಸಿದರು. ಮಗಳು ಪಕ್ಕದಲ್ಲಿ ಕೂತು ಅಳುತ್ತಿದ್ದಳು.

“ಮೂರು ಸಲ ತುಳಿಬೇಕು ಅಂತ ಹೇಳಲಿಲ್ಲವೇನೇ?” ಎಂದು ಅವನು ನರಳಿದ.

“ಯಾವಾಗ ಹೇಳಿದಿರಿ ಅಪ್ಪ?”

“ಕೂಗಿದೆನಲ್ಲ!”

“ಅದು ಚಕ್ರದ ಕೆಳಗೆ ಬೀಳುವಾಗ.”

ಅವಳೇ ಮರುದಿನ ಮೆಕ್ಯಾನಿಕ್ಕನ್ನು ಕರೆಸಿ ಚಕ್ರ ಬಿಚ್ಚಿಸಿದಳು. ಒಳಗೆ ಒಂದು ರಬ್ಬರ್ ಹರಿದಿತ್ತು. ಅವನು ಅದನ್ನು ಬದಲಾಯಿಸಿ, ಹೊಸ ಎಣ್ಣೆ ಹಾಕಿ, ಬ್ರೇಕಿನ ಕೊಳವೆಯಲ್ಲಿ ಸೇರಿದ್ದ ಗಾಳಿ ತೆಗೆದ. ಉಳಿದ ಚಕ್ರಗಳನ್ನೂ ಬಿಚ್ಚಿ ತೋರಿಸಿದ, ಅವು ಚೆನ್ನಾಗಿದ್ದವು, ಹಾಗೇ ಮುಚ್ಚಿದ. ಖರ್ಚು ಹಿಂದಿನ ದಿನದ ಹೂವಿನ ಖರ್ಚನ್ನು ಮೀರಲಿಲ್ಲ. ಕಾರು ಈಗ ಒಂದೇ ಸಲ ತುಳಿದರೆ ನಿಲ್ಲುತ್ತದೆ. ಮಗಳು ಓಡಿಸುತ್ತಾಳೆ. ಅವಳ ತಾಳ್ಮೆಯನ್ನು ಯಾರೂ ಹೊಗಳುವುದಿಲ್ಲ.

ಗುರು ಕತೆ ನಿಲ್ಲಿಸಿದರು.

ಚನ್ನಮಲ್ಲ ಸ್ವಲ್ಪ ಯೋಚಿಸಿದ. ಅವನಿಗೆ ಸಮಾಧಾನವಾದಂತೆ ಕಂಡಿತು.

“ಅವನ ತಪ್ಪು ರಿಪೇರಿ ಮಾಡಿಸದೆ ಇದ್ದದ್ದಲ್ಲ ಗುರುಗಳೇ, ಹೇಳದೆ ಇದ್ದದ್ದು. ನಾನಾಗಿದ್ದರೆ ಕೀಲಿ ಕೊಡುವ ಮೊದಲೇ ಎಲ್ಲ ಹೇಳಿಬಿಡುತ್ತಿದ್ದೆ.”

“ಹಾಸ್ಟೆಲಿನ ಹುಡುಗರಿಗೆ ಹೇಳಿದ್ದೀಯಾ?” ಎಂದರು ಗುರು.