ಮುಖ ತಿರುಗಿಸಿದ ಗಾಲಿಗಳು

ಉದ್ದನೆಯ ಸ್ಪ್ರಿಂಗ್ ಹಾಕಿ ಜೀಪನ್ನು ಎತ್ತರಿಸಿದ ಮರುವಾರ, ಅದರ ಮುಂದಿನ ಎರಡು ಗಾಲಿಗಳಿಗೆ ಜಗಳ ಹುಟ್ಟಿತು.

"ತಮ್ಮಾ, ನೀನು ಮುಖ ತಿರುಗಿಸಿಕೊಂಡು ಓಡುತ್ತಿದ್ದೀಯ," ಎಂದಿತು ಎಡಗಾಲಿ. "ನಿನ್ನ ಎಳೆತಕ್ಕೆ ನನ್ನ ರಬ್ಬರಿನ ಒಳ ಅಂಚು ಸವೆಯುತ್ತಿದೆ. ಹೀಗೇ ಆದರೆ ಯುಗಾದಿಗೆ ನಾನು ಗುಜರಿ ಅಂಗಡಿಯಲ್ಲಿರುತ್ತೇನೆ."

"ನನ್ನದೂ ಸವೆದಿದೆ ಅಣ್ಣಾ. ಮುಖ ತಿರುಗಿಸಿದ್ದು ನೀನು. ಜೀಪು ಎತ್ತರವಾದದ್ದೇ ತಡ, ನಿನಗೆ ಜಂಬ ಬಂತು," ಎಂದಿತು ಬಲಗಾಲಿ.

ಓರೆಯಾಗಿ ಕುಳಿತಿದ್ದ ಸ್ಟೀರಿಂಗ್ ಮೇಲಿನಿಂದ ಹೇಳಿತು: "ಸುಮ್ಮನಿರಿ. ನನ್ನನ್ನು ಬಿಚ್ಚಿ ನೇರ ಕೂರಿಸಿದರೆ ಎಲ್ಲವೂ ನೇರವಾಗುತ್ತದೆ."

ಮೆಕ್ಯಾನಿಕ್ ಹಾಗೇ ಮಾಡಿದ. ಸ್ಟೀರಿಂಗ್ ನೇರವಾಯಿತು, ರಬ್ಬರು ಸವೆಯುವುದು ನಿಲ್ಲಲಿಲ್ಲ.

ಕೊನೆಗೆ ಜೀಪು, ಗಾಲಿಗಳು ಯಾವ ಕಡೆಗೆ ಓರೆಯಾಗಿವೆ ಎಂದು ಅಳೆಯುವ ಅಲೈನ್‌ಮೆಂಟ್ ಯಂತ್ರದ ಮುಂದೆ ನಿಂತಿತು. "ಅವನನ್ನು ಅಳೆಯಿರಿ," ಎಂದು ಎರಡೂ ಗಾಲಿಗಳು ಒಟ್ಟಿಗೆ ಹೇಳಿದವು.

ಯಂತ್ರ ಇಬ್ಬರನ್ನೂ ಅಳೆಯಿತು. "ಇಬ್ಬರೂ ಹೊರಕ್ಕೆ ತಿರುಗಿದ್ದೀರಿ, ಅದೂ ಸಮನಾಗಿ. ಇದು ಸಿಟ್ಟೂ ಅಲ್ಲ, ಜಂಬವೂ ಅಲ್ಲ. ಜೀಪು ಎತ್ತರವಾಯಿತು, ನಿಮ್ಮಿಬ್ಬರನ್ನು ಜೋಡಿಸುವ ಕಂಬಿಯನ್ನು ಆ ಎತ್ತರಕ್ಕೆ ಯಾರೂ ಹೊಂದಿಸಲಿಲ್ಲ."

ಎಡಗಾಲಿ ಮೆಕ್ಯಾನಿಕ್‌ಗೆ ಹೇಳಿತು: "ಹಾಗಾದರೆ ಮೊದಲು ನನ್ನನ್ನು ತಿರುಗಿಸಿ. ತಮ್ಮ ಹೆದರುಪುಕ್ಕಲ, ನನ್ನನ್ನು ನೋಡಿ ಧೈರ್ಯ ತಂದುಕೊಳ್ಳಲಿ."

"ಅಣ್ಣ ಒಬ್ಬನೇ ತಿರುಗಿದರೆ ಜೀಪು ನೇರ ಓಡುವುದಿಲ್ಲ," ಎಂದಿತು ಬಲಗಾಲಿ. "ನನ್ನನ್ನೂ ಅಷ್ಟೇ ತಿರುಗಿಸಿ."

ಮೆಕ್ಯಾನಿಕ್ ಕಂಬಿಯ ಎರಡೂ ತುದಿಗಳನ್ನು ಸಡಿಲಿಸಿ, ಹೊಂದಿಸಿ, ಬಿಗಿದ. ಗಾಲಿಗಳು ಒಂದೇ ದಿಕ್ಕಿಗೆ ನೋಡಿದವು. ಆಮೇಲೆ ಅವನು ಒಳ ಅಂಚಿನಲ್ಲಿ ಉಳಿದಿದ್ದ ರಬ್ಬರನ್ನು ಅಳೆದ. ಇಬ್ಬರಿಗೂ ಐದು ಮಿಲಿಮೀಟರ್; ಒಬ್ಬರಿಗೆ ಹೆಚ್ಚಿಲ್ಲ, ಒಬ್ಬರಿಗೆ ಕಡಿಮೆಯಿಲ್ಲ.